ನೇಗಿಲು, ಸೊಪ್ಪು ಮತ್ತು ಭೂಸಾರ: ಶಿವಮೊಗ್ಗ ಸೀಮೆಯ ಮಣ್ಣಿನಲ್ಲಿ ಇಂಗಾಲ ಮತ್ತು ಸಾರಜನಕಗಳ ಚರಿತ್ರೆ

ಶಿವಮೊಗ್ಗ ನಗರದ ಗಾಂಧಿ ಬಜಾರಿನ ದಿನಸಿ ಅಂಗಡಿಗಳಲ್ಲಿ ಅಕ್ಕಿ, ಉದ್ದು, ಹೆಸರು, ಅಲಸಂದೆ, ಹುರುಳಿಗಳ ಚೀಲಗಳು ಬಾಯಿ ತೆರೆದು ನಿಂತಿರುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯು ಆ ಚೀಲಗಳಲ್ಲಿ ಬೆಲೆಯನ್ನು ಕಂಡಾನು. ಮಣ್ಣಿನ ಚರಿತ್ರೆಯನ್ನು ಅರಿಯಹೊರಟವನು ಹೊಲಗದ್ದೆಗಳಿಂದ ಹೊರಬಂದ ಸಾರವನ್ನು ಅವುಗಳಲ್ಲಿ ಕಾಣಬೇಕಾಗುತ್ತದೆ. ಒಂದು ಕ್ವಿಂಟಾಲು ಬತ್ತದಲ್ಲಿ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚಾದ ಸಾರಜನಕವಿದೆ. ಒಂದು ಕ್ವಿಂಟಾಲು ಉದ್ದಿನಲ್ಲಿ ಅದು ಮೂರೂವರೆ ಕಿಲೋಗ್ರಾಮನ್ನು ಮೀರುತ್ತದೆ. ಹೀಗೆ ಪೇಟೆಗೆ ಬಂದ ಸಾರವು ಗದ್ದೆಗೆ ಮರಳುವುದು ಅಪೂರ್ವ. ಆದರೂ ಅದೇ ಗದ್ದೆಗಳು ಶತಮಾನಗಳಿಂದ ಬೆಳೆ ಕೊಡುತ್ತ ಬಂದಿವೆ. ಕಳೆದುಹೋದುದನ್ನು ಯಾವುದರಿಂದ ತುಂಬಲಾಯಿತು? ಆ ಮೂಲದ ಇಂದಿನ ಸ್ಥಿತಿ ಏನು? ಉಳುಮೆಯೂ ಹೊದಿಕೆ ಬೆಳೆಯೂ ಈ ಲೆಕ್ಕದಲ್ಲಿ ಯಾವ ಪಾತ್ರವನ್ನು ವಹಿಸುತ್ತವೆ? ಪ್ರಕೃತ ಪ್ರಬಂಧದಲ್ಲಿ ಈ ಮೂರು ಪ್ರಶ್ನೆಗಳನ್ನು ವಿವೇಚಿಸಲು ಯತ್ನಿಸಿದ್ದೇವೆ.

೧. ಶಿಸ್ತಿನ ಲೆಕ್ಕ

ಗಾಂಧಿ ಬಜಾರಿನಿಂದ ಕೋಟೆಯ ಕಡೆಗೆ ನಡೆದರೆ ಶಿವಪ್ಪನಾಯಕನ ಹೆಸರಿನ ಅರಮನೆ ಸಿಗುತ್ತದೆ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ೧೬೪೫ರಿಂದ ೧೬೬೦ರವರೆಗೆ, ಕೆಳದಿ ರಾಜ್ಯವನ್ನಾಳಿದ ಈ ಅರಸನು ಜನರ ಬಾಯಲ್ಲಿ ಇಂದಿಗೂ ‘ಶಿಸ್ತಿನ ಶಿವಪ್ಪನಾಯಕ’ನಾಗಿಯೇ ಉಳಿದಿದ್ದಾನೆ. ಶಿಸ್ತು ಎಂದರೆ ಅವನು ನೆಲೆಗೊಳಿಸಿದ ಕಂದಾಯದ ಕಟ್ಟಳೆ. ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿರುವ ಪ್ರತೀತಿಯಂತೆ, ಭೂಮಿಯನ್ನು ಗುಣಾನುಸಾರವಾಗಿ ಐದು ತರಗತಿಗಳಾಗಿ ವಿಂಗಡಿಸಿ, ಹಳ್ಳಿಹಳ್ಳಿಯಲ್ಲಿ ಒಂದೊಂದು ತರಗತಿಯ ನೆಲವನ್ನು ಹನ್ನೆರಡು ವರ್ಷಗಳ ಕಾಲ ಅರಮನೆಯ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು ಇವೆಲ್ಲವನ್ನೂ ಬರೆಯಿಸಿ, ಸರಾಸರಿ ತೆಗೆದು, ಉತ್ಪನ್ನದ ಮೂರನೆಯ ಒಂದು ಪಾಲನ್ನು ಅರಸನ ಪಾಲೆಂದು ಗೊತ್ತುಮಾಡಲಾಯಿತು.

ಹಲವು ತರಗತಿಗಳ ನೆಲ, ಹಲವು ವರ್ಷಗಳ ಅವಧಿ, ಸರಾಸರಿಯ ಗಣನೆ, ಇವು ಇಂದಿನ ಪ್ರಾಯೋಗಿಕ ಕ್ಷೇತ್ರಗಳಲ್ಲಿಯೂ ಪಾಲಿಸಲ್ಪಡುವ ಕ್ರಮಗಳೇ. ಆದರೆ ಈ ಲೆಕ್ಕವು ನೆಲದಿಂದ ಹೊರಬಂದುದನ್ನು ಅಳೆಯಿತೇ ಹೊರತು ಹೊರಗಿನಿಂದ ನೆಲಕ್ಕೆ ಬಂದುದನ್ನು ಅಳೆಯಲಿಲ್ಲ. ಕಾಡಿನ ಸೊಪ್ಪಿಗೆ ಬೆಲೆಯಿರಲಿಲ್ಲ. ಬೆಲೆಯಿಲ್ಲದುದು ಲೆಕ್ಕಕ್ಕೆ ಬರಲಿಲ್ಲ. ಉತ್ತಮವೆನಿಸಿದ ಭೂಮಿಯ ಉತ್ತಮತ್ವದಲ್ಲಿ ಮಣ್ಣಿನ ಪಾಲೆಷ್ಟು, ಪಕ್ಕದ ಬೆಟ್ಟದ ಪಾಲೆಷ್ಟು ಎಂಬ ಪ್ರಶ್ನೆಯು ಆ ಕಡತಗಳಲ್ಲಿ ಏಳುವಂತಿರಲಿಲ್ಲ.

೨. ಸೊಪ್ಪಿನ ಬೆಟ್ಟ ಮತ್ತು ಕೊಟ್ಟಿಗೆ

ಆ ಬೆಟ್ಟದ ಪಾಲು ಅಲ್ಪವಾಗಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕಣಿವೆಯ ತಗ್ಗಿನಲ್ಲಿ ಅಡಕೆಯ ತೋಟ, ಅದರ ಆಚೆ ಬತ್ತದ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ ಎಂಬ ಮೂರು ಹಂತಗಳ ಬೇಸಾಯ ಬೆಳೆದುಬಂದಿತು. ಮತ್ತಿ, ಹೊನ್ನೆ, ಕಿಂಡಲ, ನೇರಳೆ ಮೊದಲಾದ ಮರಗಳ ಕೊಂಬೆಗಳನ್ನು ಸವರಿ ತಂದ ಹಸಿ ಸೊಪ್ಪನ್ನೂ, ಬೇಸಗೆಯಲ್ಲಿ ಗುಡಿಸಿ ತಂದ ಒಣ ದರಗನ್ನೂ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಗೊಬ್ಬರದ ಗುಂಡಿಯಲ್ಲಿ ಕಳಿಸಿ, ತೋಟಕ್ಕೂ ಗದ್ದೆಗೂ ಹೊರುವುದು ವಾಡಿಕೆ. ೧೮೦೦–೦೧ರಲ್ಲಿ ಮೈಸೂರು ಮತ್ತು ಕನ್ನಡ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಘಟ್ಟಸೀಮೆಯ ಈ ಸೊಪ್ಪುಗೊಬ್ಬರದ ಪದ್ಧತಿಯನ್ನು ಗುರುತಿಸಿದ್ದಾನೆ. ಮುಂದೆ ಬ್ರಿಟಿಷರ ಕಾಲದ ಅರಣ್ಯ ವ್ಯವಸ್ಥೆಯಲ್ಲಿ ಸೊಪ್ಪಿನ ಬೆಟ್ಟದ ಹಕ್ಕಿಗೆ ಕಾನೂನಿನ ರೂಪ ಬಂದಿತು. ನೆರೆಯ ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ನಿಯಮವಿತ್ತು. ಒಂದು ಎಕರೆಯ ಭೂಸಾರವನ್ನು ಉಳಿಸಲು ಎಷ್ಟು ನೆಲದ ಎಲೆ ಬೇಕಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಈ ಪದ್ಧತಿಯ ಒಳಗುಟ್ಟನ್ನು ಇಂದಿನ ರಸಾಯನಶಾಸ್ತ್ರವು ಬಿಡಿಸಿ ತೋರಿಸಬಲ್ಲದು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಒಂದು ಪಾಲು ಸಾರಜನಕಕ್ಕೆ ಐವತ್ತು ಪಾಲು ಇಂಗಾಲವಿರುವುದೂ ಉಂಟು. ಇಂಥ ಎಲೆಯನ್ನು ನೇರವಾಗಿ ಮಣ್ಣಿಗೆ ಸೇರಿಸಿದರೆ ಅದನ್ನು ಕಳಿಸುವ ಸೂಕ್ಷ್ಮಜೀವಿಗಳು ತಮ್ಮ ದೇಹಪೋಷಣೆಗೆ ಮಣ್ಣಿನ ಸಾರಜನಕವನ್ನೇ ಸೆಳೆದುಕೊಳ್ಳುತ್ತವೆ, ಬೆಳೆ ಹಳದಿಯಾಗುತ್ತದೆ. ದನದ ಗಂಜಲದಲ್ಲಿ ಇದಕ್ಕೆ ವಿರುದ್ಧವಾಗಿ ಸಾರಜನಕವೇ ಪ್ರಧಾನ. ಬಯಲಿಗೆ ಬಿಟ್ಟರೆ ಅದು ಅಮೋನಿಯವಾಗಿ ಹಾರಿಹೋಗುತ್ತದೆ. ಕೊಟ್ಟಿಗೆಯಲ್ಲಿ ಎಲೆಯು ಗಂಜಲವನ್ನು ಹೀರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮಲೆನಾಡಿನ ರೈತನಿಗೆ ಇಂಗಾಲ, ಸಾರಜನಕ ಎಂಬ ಹೆಸರುಗಳು ತಿಳಿದಿರಲಿಲ್ಲ. ಆದರೂ ಅವೆರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸುವ ವಿಧಾನ ಅವನ ಕೈವಶವಾಗಿತ್ತು. ೧೯೨೪ರಿಂದ ೧೯೩೧ರವರೆಗೆ ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡನು ರೂಪಿಸಿದ ಪ್ರಸಿದ್ಧ ಕಾಂಪೋಸ್ಟ್ ವಿಧಾನದ ತಳಹದಿಯೂ ಇದೇ ಆಗಿದೆ.

೩. ನೇಗಿಲು ಮಾಡುವ ಕೆಲಸ

ಇನ್ನು ಉಳುಮೆಯ ವಿಷಯ. ಉತ್ತ ನೆಲದಲ್ಲಿ ಪೈರು ಕಡು ಹಸಿರಾಗಿ ಏಳುವುದನ್ನು ಕಂಡವರು ಉಳುಮೆಯೇ ಸಾರವನ್ನು ಕೊಡುತ್ತದೆ ಎಂದು ಭಾವಿಸಿದುದು ಸಹಜ. ೧೭೩೧ರಲ್ಲಿ ಇಂಗ್ಲೆಂಡಿನ ಜೆತ್ರೊ ಟಲ್ಲನು ಬೇರುಗಳು ಮಣ್ಣಿನ ನುಣ್ಣನೆಯ ಕಣಗಳನ್ನೇ ತಿನ್ನುತ್ತವೆಂದೂ, ಆದುದರಿಂದ ಮಣ್ಣನ್ನು ಪುಡಿಮಾಡಿದಷ್ಟೂ ಲೇಸೆಂದೂ ಸಾರಿದನು. ಫಲವನ್ನು ಅವನು ಸರಿಯಾಗಿ ಕಂಡಿದ್ದನು. ಕಾರಣವನ್ನು ತಪ್ಪಾಗಿ ಊಹಿಸಿದನು.

ಮಣ್ಣಿನ ಸಾರಜನಕದ ಬಹುಪಾಲು ಹ್ಯೂಮಸ್ಸಿನೊಳಗೆ ಇಂಗಾಲದೊಡನೆ ಬಂಧಿತವಾಗಿರುತ್ತದೆ. ಹತ್ತರಿಂದ ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಎಂಬ ಪ್ರಮಾಣವು ಹೆಚ್ಚು ಕಡಮೆ ಎಲ್ಲ ಸಾಗುವಳಿ ಮಣ್ಣುಗಳಲ್ಲಿಯೂ ಕಾಣಬರುತ್ತದೆ. ನೇಗಿಲು ಹೆಂಟೆಗಳನ್ನು ಒಡೆದಾಗ ಅವುಗಳೊಳಗೆ ಮರೆಯಾಗಿದ್ದ ಹ್ಯೂಮಸ್ಸಿಗೆ ಗಾಳಿಯ ಸೋಂಕು ತಗುಲುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿಂದು, ಇಂಗಾಲವನ್ನು ಇಂಗಾಲಾಮ್ಲ ವಾಯುವಾಗಿ ಉಸಿರಿ, ಉಳಿದ ಸಾರಜನಕವನ್ನು ಪೈರಿಗೆ ದೊರೆಯುವ ರೂಪದಲ್ಲಿ ಬಿಟ್ಟುಕೊಡುತ್ತವೆ. ನೇಗಿಲು ಸಾರವನ್ನು ಹುಟ್ಟಿಸುವುದಿಲ್ಲ; ಕೂಡಿಟ್ಟುದನ್ನು ಬಿಡಿಸಿ ಕೊಡುತ್ತದೆ. ಬಿಡಿಸಿದುದನ್ನು ಪೈರು ಕೂಡಲೇ ಹೀರಿದರೆ ಲಾಭ. ಹೀರದಿದ್ದರೆ ಇಂಗಾಲವೂ ಹೋಯಿತು, ಸಾರಜನಕವೂ ಹೋಯಿತು.

ನಮ್ಮ ಸೀಮೆಯಲ್ಲಿ ಈ ನಷ್ಟಕ್ಕೆ ಒಂದು ನಿಶ್ಚಿತ ಕಾಲವಿದೆ. ಪೂರ್ವ ಆಫ್ರಿಕದಲ್ಲಿ ಸಂಶೋಧನೆ ನಡೆಸಿದ ಬರ್ಚನು ೧೯೫೮ರಲ್ಲಿ ತೋರಿಸಿಕೊಟ್ಟಂತೆ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಮಣ್ಣು ಮೊದಲ ಮಳೆಗೆ ನೆನೆದಾಗ ಸೂಕ್ಷ್ಮಜೀವಿಗಳ ಚಟುವಟಿಕೆ ಹಠಾತ್ತಾಗಿ ಉಕ್ಕಿ, ಸಾರಜನಕವು ಹೇರಳವಾಗಿ ಬಿಡುಗಡೆಯಾಗುತ್ತದೆ. ಭರಣಿ, ಕೃತ್ತಿಕೆ ಮಳೆಗಳು ಬಿದ್ದಾಗ ಏಳುವ ಮಣ್ಣಿನ ಕಂಪನ್ನು ಬಲ್ಲ ನಮಗೆ ಈ ಉಕ್ಕಿನ ಕಾಲ ಅಪರಿಚಿತವಲ್ಲ. ಆದರೆ ಆಗ ಗದ್ದೆಯಲ್ಲಿ ಪೈರಿಲ್ಲ. ನಾಟಿಯು ಆರಿದ್ರಾ, ಪುನರ್ವಸು ಮಳೆಗಳ ಹೊತ್ತಿಗೆ ಬರುತ್ತದೆ. ನಡುವಣ ಆರೇಳು ವಾರಗಳಲ್ಲಿ ಬಿಡುಗಡೆಯಾದ ನೈಟ್ರೇಟು ಮಳೆಯ ನೀರಿನೊಡನೆ ಇಳಿದುಹೋಗುತ್ತದೆ. ಉಳಿದುದು ಗದ್ದೆಯಲ್ಲಿ ನೀರು ನಿಂತು ಕೆಸರಾದಾಗ ಗಾಳಿಯಿಲ್ಲದ ಮಣ್ಣಿನ ಜೀವಿಗಳಿಂದ ವಾಯುರೂಪಕ್ಕೆ ತಿರುಗಿ ಆಕಾಶವನ್ನು ಸೇರುತ್ತದೆ.

ಕೆಸರು ಗದ್ದೆಯ ಉಳುಮೆಯನ್ನು ಬೇರೆಯಾಗಿಯೇ ಪರಿಗಣಿಸಬೇಕು. ಅಲ್ಲಿ ನೀರು ನಿಂತ ಮೇಲೆ ಗಾಳಿಯ ಪ್ರವೇಶ ತಪ್ಪುವುದರಿಂದ ಹ್ಯೂಮಸ್ಸು ನಿಧಾನವಾಗಿ ಕಳಿಯುತ್ತದೆ. ಜೊತೆಗೆ, ೧೯೩೯ರಲ್ಲಿ ಪಿ. ಕೆ. ಡೇ ಅವರು ವಿವರಿಸಿದಂತೆ, ನಿಂತ ನೀರಿನಲ್ಲಿ ಬೆಳೆಯುವ ನೀಲಿ ಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಗದ್ದೆಗೆ ಸೇರಿಸುತ್ತವೆ. ಬತ್ತದ ಗದ್ದೆಯು ಬಹುಕಾಲ ಬಾಳಿಬಂದ ಗುಟ್ಟಿನಲ್ಲಿ ಇದೂ ಒಂದು ಭಾಗ. ಖುಷ್ಕಿ ಹೊಲಕ್ಕೆ ಈ ರಕ್ಷಣೆಯಿಲ್ಲ. ಅಲ್ಲಿ ಪ್ರತಿ ಉಳುಮೆಯೂ ಇಂಗಾಲದ ಖರ್ಚೇ ಸರಿ.

೪. ಮೂರು ಮಾರ್ಪಾಡುಗಳು

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಲೆಕ್ಕವನ್ನು ಮೂರು ಮಾರ್ಪಾಡುಗಳು ಬದಲಿಸಿದವು.

ಮೊದಲನೆಯದು ಉಪಕರಣದ ಮಾರ್ಪಾಡು. ಮರದ ನೇಗಿಲು ನೆಲವನ್ನು ಸೀಳುತ್ತಿತ್ತು, ಮಗುಚುತ್ತಿರಲಿಲ್ಲ. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ೧೯೧೩ರಲ್ಲಿ ಕೃಷಿ ಇಲಾಖೆಯ ನಿರ್ದೇಶಕನಾದ ಲೆಸ್ಲಿ ಕೋಲ್ಮನ್ನನ ಹೆಸರು ಮಲೆನಾಡಿಗೆ ಅಡಕೆಯ ಕೊಳೆರೋಗದ ಸಂಶೋಧನೆಯಿಂದ ಪರಿಚಿತವಾಗಿದೆ. ಅವನ ಕಾಲದ ಇಲಾಖೆಯು ಸುಧಾರಿಸಿದ ಕಬ್ಬಿಣದ ನೇಗಿಲುಗಳ ಪ್ರಚಾರವನ್ನೂ ಕೈಗೊಂಡಿತು. ಕಬ್ಬಿಣದ ನೇಗಿಲು ಆಳವಾಗಿ ಉತ್ತು ಮಣ್ಣನ್ನು ಮಗುಚಿತು. ಕಳೆ ಅಡಗಿತು, ಫಸಲು ಹೆಚ್ಚಿತು. ಹಟ್ಟಿಯಲ್ಲಿ ಗೊಬ್ಬರವಿದ್ದಷ್ಟು ಕಾಲ ಇದರಲ್ಲಿ ದೋಷವೇನೂ ಇರಲಿಲ್ಲ. ಮುಂದೆ ಬಂದ ಟ್ರ್ಯಾಕ್ಟರು, ಪವರ್ ಟಿಲ್ಲರು, ರೋಟವೇಟರುಗಳು ಮಣ್ಣನ್ನು ಇನ್ನೂ ನುಣ್ಣಗೆ ಅರೆದವು; ಜೊತೆಗೆ ಎತ್ತುಗಳನ್ನು ಅನಾವಶ್ಯಕಗೊಳಿಸಿ ಕೊಟ್ಟಿಗೆಯನ್ನೂ ಬರಿದು ಮಾಡಿದವು. ಖರ್ಚಿನ ಕೈ ಬೆಳೆಯಿತು, ಜಮೆಯ ಕೈ ಕುಗ್ಗಿತು.

ಎರಡನೆಯದು ಕಾಡಿನ ಮೇಲೆ ಬಿದ್ದ ಹೊಸ ಹೊರೆ. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿತು. ಕಲ್ಲಿದ್ದಲು ದೊರೆಯದ ಸೀಮೆಯಲ್ಲಿ ಮರದ ಇದ್ದಿಲಿನಿಂದ ಕಬ್ಬಿಣವನ್ನು ಕರಗಿಸಿದ ಆ ಸಾಹಸ ಮೈಸೂರಿನ ಕೈಗಾರಿಕಾ ಚರಿತ್ರೆಯಲ್ಲಿ ಗಣ್ಯವಾದುದು. ಆದರೆ ಕುಲುಮೆಗೆ ಹೋದುದೂ ಕಾಡಿನ ಇಂಗಾಲವೇ, ತೋಟಕ್ಕೆ ಹೋದುದೂ ಕಾಡಿನ ಇಂಗಾಲವೇ. ಎಲೆಯನ್ನು ಸವರಿದ ಮರ ಮತ್ತೆ ಚಿಗುರುತ್ತದೆ. ಬುಡ ಕಡಿದ ಮರ ಚಿಗುರಿ ಮೊದಲಿನಂತಾಗಲು ದಶಕಗಳು ಬೇಕು. ಕಾಲಕ್ರಮದಲ್ಲಿ ಅನೇಕ ಸೊಪ್ಪಿನ ಬೆಟ್ಟಗಳೂ ಅತಿಯಾದ ಸವರುವಿಕೆ, ಮೇವು, ಒತ್ತುವರಿಗಳಿಂದ ಬೋಳಾದವು.

ಮೂರನೆಯದು ನೀರು ಮತ್ತು ರಾಸಾಯನಿಕ ಗೊಬ್ಬರ. ೧೯೬೦ರ ದಶಕದಲ್ಲಿ ಭದ್ರಾ ಯೋಜನೆಯ ನಾಲೆಗಳು ಶಿವಮೊಗ್ಗ, ದಾವಣಗೆರೆಗಳ ಬಯಲಿಗೆ ನೀರು ತಂದವು, ೧೯೬೬ರಲ್ಲಿ ಐ.ಆರ್. ೮, ೧೯೬೮ರಲ್ಲಿ ಜಯ ಮೊದಲಾದ ಗಿಡ್ಡ ತಳಿಗಳು ಬಂದವು. ಎರಡು ಬೆಳೆಗಳ ನಡುವೆ ಭೂಮಿಗೆ ಬಿಡುವಿಲ್ಲದಾಯಿತು. ಯೂರಿಯದ ಚೀಲವು ಸಾರಜನಕವನ್ನು ತಂದಿತು, ಇಂಗಾಲವನ್ನು ತರಲಿಲ್ಲ. ಕೊಟ್ಟಿಗೆಯಲ್ಲಿ ಕೂಡಿದ್ದ ಎರಡು ದ್ರವ್ಯಗಳು ಇಲ್ಲಿ ಬೇರೆಯಾದುವು. ಇಂಗಾಲದ ಆಸರೆಯಿಲ್ಲದ ಸಾರಜನಕವನ್ನು ಮಣ್ಣು ಹಿಡಿದಿಟ್ಟುಕೊಳ್ಳಲಾರದು. ವರ್ಷವರ್ಷವೂ ಹೊಸದಾಗಿ ಕೊಡಬೇಕಾಗುತ್ತದೆ. ರಾಸಾಯನಿಕ ಗೊಬ್ಬರವಿಲ್ಲದೆ ಈ ಸೀಮೆಯ ಇಂದಿನ ಬತ್ತದ ಇಳುವರಿ ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನು ನಾವು ಮರೆಯತಕ್ಕುದಲ್ಲ. ದೋಷವಿರುವುದು ಅದನ್ನು ಸೊಪ್ಪಿನ ಜೊತೆಗಾರನನ್ನಾಗಿ ಮಾಡದೆ ಸೊಪ್ಪಿನ ಉತ್ತರಾಧಿಕಾರಿಯನ್ನಾಗಿ ಮಾಡಿದುದರಲ್ಲಿ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ೧೯೭೮ರಲ್ಲಿ ಆರಂಭವಾದ ಖುಷ್ಕಿ ರಾಗಿಯ ದೀರ್ಘಕಾಲದ ಪ್ರಯೋಗವು ಇದನ್ನೇ ಸಮರ್ಥಿಸುತ್ತದೆ: ಕೊಟ್ಟಿಗೆ ಗೊಬ್ಬರವನ್ನೂ ರಾಸಾಯನಿಕ ಗೊಬ್ಬರವನ್ನೂ ಕೂಡಿಸಿ ಕೊಟ್ಟ ತಾಕುಗಳು, ರಾಸಾಯನಿಕವನ್ನು ಮಾತ್ರ ಕೊಟ್ಟ ತಾಕುಗಳಿಗಿಂತ ಮಣ್ಣಿನ ಇಂಗಾಲವನ್ನೂ ಇಳುವರಿಯನ್ನೂ ಚೆನ್ನಾಗಿ ಉಳಿಸಿಕೊಂಡಿವೆ.

೫. ಗದ್ದೆಯಲ್ಲಿಯೇ ಬೆಳೆದ ಸೊಪ್ಪು

ಬೆಟ್ಟದ ಸೊಪ್ಪು ದುರ್ಲಭವಾದಾಗ ಸೊಪ್ಪನ್ನು ಗದ್ದೆಯಲ್ಲಿಯೇ ಬೆಳೆಯಬೇಕು. ಹೊದಿಕೆ ಬೆಳೆಯ ತತ್ತ್ವ ಇಷ್ಟೇ. ಅದು ನಮ್ಮಲ್ಲಿ ಹೊಸದಲ್ಲ. ಅಪ್ಸೆಣಬು, ಡಯಂಚಗಳನ್ನು ಬೆಳೆದು ಕೆಸರಿನಲ್ಲಿ ತುಳಿಯುವುದು, ಬದುಗಳ ಮೇಲೆ ಹೊಂಗೆಯನ್ನೂ ಗೊಬ್ಬರದ ಗಿಡವೆಂದೇ ಹೆಸರಾದ ಗ್ಲಿರಿಸಿಡಿಯವನ್ನೂ ಬೆಳೆಸುವುದು, ಮುಂಗಾರಿನ ಬೆಳೆಯ ಬಳಿಕ ಹುರುಳಿಯನ್ನು ಎರಚಿ ನೆಲವನ್ನು ಮುಚ್ಚುವುದು, ರಾಗಿಯ ನಡುವೆ ಅವರೆ ತೊಗರಿಗಳ ಅಕ್ಕಡಿ ಸಾಲು ಹಾಕುವುದು, ಇವೆಲ್ಲ ಅದರ ರೂಪಗಳೇ. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿರುವ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆಂದು ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ತರು ೧೮೮೦ರ ದಶಕದಲ್ಲಿ ಸಾಧಿಸಿದ ಮೇಲೆ ಈ ರೂಢಿಗಳ ಅರ್ಥ ಸ್ಪಷ್ಟವಾಯಿತು.

ಶಿವಪ್ಪನಾಯಕನ ಶಿಸ್ತು ಬಿಟ್ಟುಬಿಟ್ಟ ಲೆಕ್ಕವನ್ನು ಇಲ್ಲಿ ಒಂದು ಮಾದರಿಯಾಗಿ ಹಾಕಿ ನೋಡೋಣ. ಒಂದು ಹೆಕ್ಟೇರು ಗದ್ದೆಯ ಮೇಲಿನ ೧೫ ಸೆಂಟಿಮೀಟರು ಮಣ್ಣಿನ ತೂಕ ಸುಮಾರು ೨,೦೦೦ ಟನ್ನು. ಅದರಲ್ಲಿ ಇಂಗಾಲವು ಶೇಕಡಾ ೦.೫ ಇದ್ದರೆ, ನಮ್ಮ ಮಣ್ಣು ಪರೀಕ್ಷಾಲಯಗಳು ಇದಕ್ಕಿಂತ ಕಡಮೆಯಾದುದನ್ನು ‘ಕನಿಷ್ಠ’ವೆನ್ನುತ್ತವೆ, ಅಲ್ಲಿ ೧೦ ಟನ್ನು ಇಂಗಾಲವೂ ಅದರೊಡನೆ ಹೆಚ್ಚುಕಡಮೆ ಒಂದು ಟನ್ನು ಸಾರಜನಕವೂ ಇರುತ್ತದೆ. ವರ್ಷಕ್ಕೆ ಶೇಕಡಾ ಎರಡೂವರೆಯಷ್ಟು ಹ್ಯೂಮಸ್ಸು ಕಳಿಯುತ್ತದೆಂದು ಭಾವಿಸಿದರೆ ೨೫೦ ಕಿಲೋಗ್ರಾಮು ಇಂಗಾಲ ನಷ್ಟವಾಗಿ ೨೫ ಕಿಲೋಗ್ರಾಮು ಸಾರಜನಕ ಬಿಡುಗಡೆಯಾಗುತ್ತದೆ. ನಾಲ್ಕು ಟನ್ನು ಬತ್ತದ ಕಾಳಿನೊಡನೆಯೇ ಸುಮಾರು ೪೫ ಕಿಲೋಗ್ರಾಮು ಸಾರಜನಕ ಪೇಟೆಗೆ ಹೋಗುತ್ತದೆ. ಮಣ್ಣು ತಾನಾಗಿ ಕೊಟ್ಟುದರಿಂದ ಈ ಬಾಕಿ ತೀರುವಂತಿಲ್ಲ.

ಈಗ ಕೃತ್ತಿಕೆ ಮಳೆಗೆ ಅಪ್ಸೆಣಬನ್ನು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದೆವೆನ್ನೋಣ. ಒಣ ತೂಕದಲ್ಲಿ ನಾಲ್ಕು ಟನ್ನು ಸೊಪ್ಪು ಬಂದರೆ ಅದರಲ್ಲಿ ೧.೬ ಟನ್ನು ಇಂಗಾಲವೂ ೮೦ ಕಿಲೋಗ್ರಾಮು ಸಾರಜನಕವೂ ಇರುತ್ತವೆ; ಪ್ರಮಾಣ ಇಪ್ಪತ್ತಕ್ಕೆ ಒಂದು. ಇಂಥ ಸೊಪ್ಪು ಕೆಲವೇ ವಾರಗಳಲ್ಲಿ ಕಳಿತು ಪೈರಿಗೆ ಸಾರಜನಕವನ್ನು ಬಿಡಬಲ್ಲದು. ಇಂಗಾಲದಲ್ಲಿ ವರ್ಷದ ಕೊನೆಗೆ ಶೇಕಡಾ ೧೫ ಉಳಿದರೆ ೨೪೦ ಕಿಲೋಗ್ರಾಮು. ಅಂದರೆ ಕಳೆದುದಕ್ಕೆ ಸರಿಸಮ! ಒಂದು ಹಸಿರೆಲೆ ಬೆಳೆಯು ಮಣ್ಣನ್ನು ಸಿರಿವಂತವಾಗಿ ಮಾಡುವುದಿಲ್ಲ; ಬಡವಾಗದಂತೆ ತಡೆಯುತ್ತದೆ. ಯುರೋಪು ಮೊದಲಾದೆಡೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ ಪೋಪ್ಲೌ ಮತ್ತು ಡಾನ್ ಎಂಬ ವಿದ್ವಾಂಸರು ಹೊದಿಕೆ ಬೆಳೆಯಿಂದ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ ೦.೩೨ ಟನ್ನು ಇಂಗಾಲ ಮಣ್ಣಿಗೆ ಕೂಡುತ್ತದೆಂದು ಗಣಿಸಿದ್ದಾರೆ. ನಮ್ಮ ಉಷ್ಣ ಸೀಮೆಯಲ್ಲಿ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ವಿವೇಕವಲ್ಲ.

ಈ ಬೆಳೆಯ ಇನ್ನೊಂದು ಉಪಕಾರವು ಮೇಲಿನ ಅಂಕಿಗಳಲ್ಲಿ ಕಾಣುವುದಿಲ್ಲ. ಮೊದಲ ಮಳೆಗೆ ಉಕ್ಕುವ ನೈಟ್ರೇಟನ್ನು ಅದು ಬೇರಿನಿಂದ ಹಿಡಿದು ಎಲೆಯಲ್ಲಿ ಕೂಡಿಟ್ಟು ನಾಟಿಯ ಕಾಲಕ್ಕೆ ಒಪ್ಪಿಸುತ್ತದೆ. ನೇಗಿಲು ಹೊತ್ತಿಗೆ ಮುಂಚೆ ಬಿಡಿಸಿದ ಸಾರವನ್ನು ಸೊಪ್ಪು ಜೋಪಾನ ಮಾಡುತ್ತದೆ.

೬. ಎಚ್ಚರಿಕೆಯ ಮಾತುಗಳು

ಇಷ್ಟೆಲ್ಲ ಗುಣಗಳಿದ್ದರೂ ಹಸಿರೆಲೆ ಬೆಳೆಯು ಎಲ್ಲ ಕಡೆಯೂ ಹರಡಲಿಲ್ಲವೇಕೆ? ರೈತನ ಆಲಸ್ಯವೆಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಮೇ ತಿಂಗಳ ಮಳೆ ನಂಬಿಕೆಗೆ ಬಾರದು. ಬೀಜಕ್ಕೆ ಹಣ ಬೇಕು. ಬಯಲಿಗೆ ಬಿಟ್ಟ ದನಗಳಿಂದ ಬೆಳೆಯನ್ನು ಕಾಯಬೇಕು. ನಾಲೆಯ ನೀರು ಬಿಡುವ ದಿನಕ್ಕೆ ಗದ್ದೆ ತೆರವಾಗಿರಬೇಕು. ಮಾರಿ ಹಣ ಮಾಡಲಾಗದ ಬೆಳೆಗೆ ಇಷ್ಟನ್ನು ಸಲ್ಲಿಸಲು ಸಣ್ಣ ಹಿಡುವಳಿದಾರನು ಹಿಂಜರಿದರೆ ಆಶ್ಚರ್ಯವಿಲ್ಲ. ಆದುದರಿಂದಲೇ ಅವನು ಉದ್ದು ಹೆಸರುಗಳನ್ನು ಆರಿಸಿಕೊಂಡನು. ಆದರೆ ಕಾಳಿಗಾಗಿ ಬೆಳೆದ ದ್ವಿದಳ ಬೆಳೆಯು ಹಸಿರೆಲೆ ಬೆಳೆಗೆ ಸಮಾನವಲ್ಲ. ಅದು ಹಿಡಿದ ಸಾರಜನಕದ ದೊಡ್ಡ ಪಾಲು ಕಾಳಿನೊಡನೆ ಗಾಂಧಿ ಬಜಾರಿಗೆ ಬಂದುಬಿಡುತ್ತದೆ. ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನಾದರೂ ಮಣ್ಣಿಗೆ ಮರಳಿಸುವುದು ಇಲ್ಲಿಯ ಮಧ್ಯಮ ಮಾರ್ಗ.

ಉಳುಮೆಯನ್ನೇ ಬಿಡಬೇಕೆಂಬ ವಾದವೂ ಉಂಟು. ಅಮೆರಿಕದ ಎಡ್ವರ್ಡ್ ಫಾಕ್ನರನು ೧೯೪೩ರಲ್ಲಿ ನೇಗಿಲಿನ ವಿರುದ್ಧ ಬರೆದ ಗ್ರಂಥವೂ, ಜಪಾನಿನ ಫುಕುವೋಕನ ಸಹಜ ಬೇಸಾಯದ ವಿಚಾರಗಳೂ ಜಗತ್ತಿನ ಗಮನ ಸೆಳೆದವು. ಶಿವಮೊಗ್ಗ ಜಿಲ್ಲೆಯಲ್ಲಿಯೇ ಜನಿಸಿದ ಪೂರ್ಣಚಂದ್ರ ತೇಜಸ್ವಿಯವರು ‘ಸಹಜ ಕೃಷಿ’ ಎಂಬ ಕೃತಿಯಲ್ಲಿ ಫುಕುವೋಕನನ್ನು ಕನ್ನಡಿಗರಿಗೆ ಪರಿಚಯಿಸಿದರು. ಉಳುಮೆ ತಗ್ಗಿದಾಗ ಮಣ್ಣಿನ ಸವಕಳಿ ತಗ್ಗುವುದೂ, ಮೇಲ್ಪದರದಲ್ಲಿ ಇಂಗಾಲ ಹೆಚ್ಚುವುದೂ ನಿಜ. ಆದರೆ ಕೆಳಪದರಗಳನ್ನೂ ಸೇರಿಸಿ ಅಳೆದಾಗ ಉತ್ತ ನೆಲಕ್ಕೂ ಉಳದ ನೆಲಕ್ಕೂ ಒಟ್ಟು ಇಂಗಾಲದಲ್ಲಿ ಅಂತರ ಬಹಳ ಕಡಮೆಯಾಗುತ್ತದೆಂದು ೨೦೦೭ರ ಈಚಿನ ವಿಮರ್ಶೆಗಳು ತೋರಿಸಿವೆ. ಉಳದೆ ಬಿಟ್ಟ ಮೊದಲ ವರ್ಷಗಳಲ್ಲಿ ಮೇಲೆ ಹರಡಿದ ಹುಲ್ಲು 서ಾರಜನಕವನ್ನು ಹಿಡಿದುಕೊಂಡು ಪೈರು ಸೊರಗುವುದೂ ಉಂಟು. ಉಳುಮೆಯನ್ನು ಮಿತಗೊಳಿಸುವುದು ಖರ್ಚಿನಲ್ಲಿ ಉಳಿತಾಯ; ಅದು ಜಮೆಯ ಸ್ಥಾನವನ್ನು ತುಂಬಲಾರದು. ಜಮೆಯಾಗಬೇಕಾದರೆ ಬೇರು, ಎಲೆ, ಸಗಣಿ ಮಣ್ಣಿಗೆ ಬರಲೇಬೇಕು. ಹಾಗೆಯೇ, ನೀರು ನಿಂತ ಗದ್ದೆಗೆ ಹಸಿ ಸೊಪ್ಪನ್ನು ಸೇರಿಸಿದಾಗ ಮೀಥೇನ್ ವಾಯು ಹೆಚ್ಚಾಗಿ ಹೊರಡುತ್ತದೆ. ನಡುವೆ ಒಮ್ಮೆ ನೀರನ್ನು ಬಸಿದು ಗದ್ದೆಯನ್ನು ಆರಲು ಬಿಡುವುದರಿಂದ ಇದನ್ನು ತಗ್ಗಿಸಬಹುದು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಈ ಸೀಮೆಯ ಫಲವತ್ತತೆಯು ಮಣ್ಣಿನ ಹುಟ್ಟುಗುಣ ಮಾತ್ರವಾಗಿರಲಿಲ್ಲ. ಅದು ಬೆಟ್ಟದಿಂದ ತಂದ ಸಾಲವಾಗಿತ್ತು. ಬೆಟ್ಟ ಬರಿದಾದ ಮೇಲೆ ಸಾಲ ಕೊಡುವವರಿಲ್ಲ. ೨೦೦೯ರ ಭೂಚೇತನ ಯೋಜನೆಯೂ ೨೦೧೫ರ ಮಣ್ಣು ಆರೋಗ್ಯ ಚೀಟಿಯ ಯೋಜನೆಯೂ ಮಣ್ಣಿನ ಇಂಗಾಲವನ್ನು ರೈತನ ಕಣ್ಣಿಗೆ ಕಾಣುವಂತೆ ಮಾಡಿದುದು ಸ್ತುತ್ಯ. ಆದರೆ ಒಂದು ಸಲದ ಪರೀಕ್ಷೆಯು ಮಣ್ಣಿನ ಸ್ಥಿತಿಯನ್ನು ಹೇಳಬಲ್ಲದು, ಗತಿಯನ್ನು ಹೇಳಲಾರದು. ಇಂಗಾಲವು ಮೆಲ್ಲನೆ ಏರುತ್ತದೆ, ಮೆಲ್ಲನೆ ಇಳಿಯುತ್ತದೆ. ಎರಡು ಮೂರು ವರ್ಷಗಳ ಪ್ರಯೋಗದಲ್ಲಿ ಅದು ಕಾಣಸಿಗುವುದಿಲ್ಲ.

ಜಿಲ್ಲೆಯ ಕಾಲೇಜುಗಳಲ್ಲಿ ನೆಲವಿರುವಂಥವು ಒಂದೊಂದು ಚಿಕ್ಕ ತಾಕನ್ನು ಇದಕ್ಕಾಗಿ ಮೀಸಲಿಡಬಹುದು. ಒಂದು ಭಾಗದಲ್ಲಿ ರೂಢಿಯ ಉಳುಮೆ, ಒಂದರಲ್ಲಿ ಮಿತವಾದ ಉಳುಮೆ, ಒಂದರಲ್ಲಿ ಅಪ್ಸೆಣಬು, ಒಂದರಲ್ಲಿ ಉದ್ದು; ವರ್ಷಕ್ಕೊಮ್ಮೆ ಒಂದೇ ತಿಂಗಳಿನಲ್ಲಿ, ಒಂದೇ ಆಳದಿಂದ ತೆಗೆದ ಮಣ್ಣಿನ ಪರೀಕ್ಷೆ; ಬಂದುದರ ಲೆಕ್ಕದೊಡನೆ ಕೊಟ್ಟುದರ ಲೆಕ್ಕ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ವಿದ್ಯಾರ್ಥಿಗಳ ಒಂದು ತಂಡವು ಮುಂದಿನ ತಂಡಕ್ಕೆ ಪುಸ್ತಕವನ್ನು ಒಪ್ಪಿಸುವ ತಾಳ್ಮೆ ಬೇಕು. ಶಿಸ್ತಿನ ಲೆಕ್ಕಕ್ಕೆ ಹನ್ನೆರಡು ವರ್ಷಗಳು ಹಿಡಿದವೆಂದು ಪ್ರತೀತಿ. ಅಂದು ಬಿಟ್ಟುಹೋದ ಕಂಬವನ್ನು ತುಂಬಲು ನಾವೂ ಅಷ್ಟು ಕಾಲವನ್ನು ಕೊಡಬೇಕಾದೀತು.